ಆಡಿದ ಮಾತಿಗೆ ಅಂಕವಿಲ್ಲ

ಗುರುವಾರ ಮಧ್ಯಾಹ್ನ ಎರಡನೆಯ ಸೆಮಿಸ್ಟರಿನ ಬಿ.ಕಾಂ. ಮಕ್ಕಳ ಕನ್ನಡ ತರಗತಿಯಲ್ಲಿ ನಡೆದದ್ದನ್ನು ಬರೆಯದೆ ಇರಲಾರೆ. ಪಠ್ಯದ ಕವಿತೆಗೆ ಹೋಗುವ ಮೊದಲು, ಎಲ್ಲರಿಗೂ ಶಾಲೆಯಿಂದಲೇ ಗೊತ್ತಿರುವ ಗೋವಿನ ಹಾಡನ್ನು ಓದಿ, ಪುಣ್ಯಕೋಟಿ ಹುಲಿಯ ಬಳಿಗೆ ಮರಳಿ ಹೋಗಬೇಕಾಗಿತ್ತೇ ಎಂದು ಕೇಳಿದೆ. ಮೊದಮೊದಲು ಎಲ್ಲರದೂ ಒಂದೇ ಉತ್ತರ: 'ಸತ್ಯ ದೊಡ್ಡದು ಸರ್.' ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಅದು ಪ್ರಾಣಭಯದಲ್ಲಿ ಕೊಟ್ಟ ಮಾತು ಸರ್. ಬಲವಂತದಿಂದ ಒಪ್ಪಿಸಿಕೊಂಡ ಕರಾರನ್ನು ಒಪ್ಪಿದವರು ರದ್ದು ಮಾಡಬಹುದು ಅಂತ 1872ರ ಕಾಂಟ್ರಾಕ್ಟ್ ಆ್ಯಕ್ಟ್ ಹೇಳುತ್ತದೆ' ಎಂದ. ಅವನ ಪಕ್ಕದ ಸಾಲಿನಿಂದ ಒಬ್ಬಳು, ಬಿಟ್ಟುಬಿಡುವ ಹಕ್ಕಿದ್ದೂ ಹೋದಳಲ್ಲ, ಅದಕ್ಕೇ ಆ ಮಾತಿಗೆ ಬೆಲೆ ಎಂದಳು. ವಾದ ಹೀಗೆ ಹತ್ತು ನಿಮಿಷ ಬೆಳೆಯಿತು.

ಇಡೀ ವರ್ಷ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದಿದ್ದ ಹುಡುಗಿಯೊಬ್ಬಳು ಆಗ ಮಾತಾಡಿದಳು. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುತ್ತದಲ್ಲ, ಆ ಜಾಗವನ್ನು ಅವಳು ಹಿಡಿದುಕೊಂಡಿದ್ದಳು. 'ನಮ್ಮಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ಚಿಕ್ಕಮ್ಮನಿಗೆ ನನ್ನನ್ನು ಹೀಗೇ ಒಪ್ಪಿಸಿದ್ದರು ಸರ್. ಆ ಕರಾರಿನಲ್ಲಿ ಕರುವನ್ನು ಯಾರೂ ಕೇಳಲಿಲ್ಲ' ಎಂದು ಹೇಳಿ ಕೂತುಬಿಟ್ಟಳು. (ಅವಳ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.) ಈ ಹಾಡನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ, ಆದರೆ ಆ ಸಾಲುಗಳನ್ನು ಕರುವಿನ ಕಡೆಯಿಂದ ಕೇಳಿಸಿಕೊಂಡದ್ದು ಅದೇ ಮೊದಲು.

ಮರುದಿನ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ತುಂಬಲು ಕೂತೆ. ಕಿರುಪರೀಕ್ಷೆಗೆ ಒಂದು ಕಲಂ, ಅಸೈನ್‌ಮೆಂಟಿಗೆ ಒಂದು ಕಲಂ, ಹಾಜರಾತಿಗೆ ಒಂದು ಕಲಂ. ತರಗತಿಯಲ್ಲಿ ಆಡಿದ ಮಾತಿಗೆ ಕಲಂ ಇಲ್ಲ. ಹೊಣೆ ಹೊತ್ತವರನ್ನು ಕೇಳಿದರೆ, ಚರ್ಚೆಗೆ ದಾಖಲೆ ಎಲ್ಲಿದೆ, ಅದನ್ನೇ ಬರೆಸಿಕೊಂಡು ಅಸೈನ್‌ಮೆಂಟ್ ಎಂದು ಫೈಲ್ ಮಾಡಿ ಎಂಬ ಉತ್ತರ ಬಂತು. ಆ ಹುಡುಗಿಯ ಎರಡು ವಾಕ್ಯಗಳನ್ನು ನಾಲ್ಕು ಪುಟದ ಅಸೈನ್‌ಮೆಂಟ್ ಮಾಡಿಸಿದರೆ ಅವಳು ಗೈಡು ನೋಡಿ ಬರೆಯುತ್ತಾಳೆ, ಅಂಕವೂ ಸಿಗುತ್ತದೆ. ಅವಳು ನಿಜವಾಗಿ ಓದಿ ಕಂಡುಕೊಂಡದ್ದು ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ನನ್ನ ಸಿಟ್ಟು ಇದಕ್ಕೇ.

ನಾನು ಪಾಠ ಮಾಡುವುದು ಕನ್ನಡ ಎಂ.ಎ. ಮಕ್ಕಳಿಗಲ್ಲ. ಇವರು ನಾಳೆ ಲೆಕ್ಕಪತ್ರ ಬರೆಯುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಔಷಧ ಮಾರುವವರು. ಅವರ ಬದುಕಿನಲ್ಲಿ ಒಂದು ಕವಿತೆಯನ್ನು ಮುಂದಿಟ್ಟುಕೊಂಡು ತಮ್ಮ ಮಾತಿಗೆ ಒಪ್ಪದವರ ಜೊತೆ ಒಂದು ಗಂಟೆ ಕೂತು ಮಾತಾಡುವ ಅವಕಾಶ ಈ ಭಾಷಾ ತರಗತಿಯ ಆಚೆಗೆ ಇನ್ನೆಲ್ಲಿಯೂ ಬರಲಾರದು. ಅಂಥ ಗಂಟೆಯನ್ನು ನಾವು 'ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿ' ಎಂಬ ಪ್ರಶ್ನೆಗೆ ಉತ್ತರ ಬರೆಸುವುದಕ್ಕೆ ಖರ್ಚು ಮಾಡುತ್ತಿದ್ದೇವೆ. ಮೌಲ್ಯಮಾಪನಕ್ಕೆ ಕೂತಾಗ ಒಂದೇ ಕಟ್ಟಿನಲ್ಲಿ ಸಾಲುಸಾಲಾಗಿ ಒಂದೇ ಸ್ವಾರಸ್ಯ, ತಪ್ಪಿದ ಕಾಗುಣಿತವೂ ಒಂದೇ.

ಇದೇನು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲೇ ಎಲ್ಲ ವಿದ್ಯಾರ್ಥಿಗಳಿಗೂ ಸಾಮಾನ್ಯ ಶಿಕ್ಷಣ ಬೇಕೆಂದಿತು, ಉಪನ್ಯಾಸದ ಜೊತೆಗೆ ಸಣ್ಣ ಗುಂಪಿನ ಟ್ಯುಟೋರಿಯಲ್ ಇರಬೇಕೆಂದಿತು, ನಿಗದಿತ ಪಠ್ಯಪುಸ್ತಕಗಳೇ ಬೇಡವೆಂದೂ ಶಿಫಾರಸು ಮಾಡಿತು. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2021-22ರಲ್ಲಿ ನಮ್ಮ ರಾಜ್ಯಕ್ಕೆ ಬಂದು ಆಂತರಿಕ ಅಂಕ 40ಕ್ಕೆ ಏರಿದಾಗ, ಈಗಲಾದರೂ ಮಾತಿಗೆ ಜಾಗ ಸಿಕ್ಕೀತು ಎಂದು ನಾನು ಆಸೆಪಟ್ಟಿದ್ದೆ. ಆ ಅಂಕಗಳೂ ಅಸೈನ್‌ಮೆಂಟಿನ ಪಾಲಾದವು. 2024-25ರಿಂದ ಆ ನೀತಿಯ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು, ನಮ್ಮಲ್ಲಿ ಆಂತರಿಕ ಅಂಕ 20ಕ್ಕೆ ಇಳಿಯಿತು. ನೀತಿ ಎರಡು ಸಲ ಬದಲಾದರೂ ಕಲಂಗಳು ಮಾತ್ರ ಬದಲಾಗಲಿಲ್ಲ.

ಒಂದು ತರಗತಿಯಲ್ಲಿ ತೊಂಬತ್ತು ಜನರನ್ನು ಕೂರಿಸಿಕೊಂಡು ಚರ್ಚೆ ಹೇಗೆ ಸಾಧ್ಯ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಲಂಬಿಯಾ ಕಾಲೇಜಿನಲ್ಲಿ ಯಾವ ವಿಷಯದ ವಿದ್ಯಾರ್ಥಿಯೇ ಆಗಲಿ ಕಡ್ಡಾಯವಾಗಿ ಕೂರಬೇಕಾದ ಸಾಹಿತ್ಯದ ತರಗತಿ 1937ರಿಂದ ನಡೆಯುತ್ತಿದೆ, ಅಲ್ಲಿ ಒಂದು ಗುಂಪಿಗೆ ಇಪ್ಪತ್ತು ಚಿಲ್ಲರೆ ಜನ. ಅವರ ಹಣ ನಮ್ಮಲ್ಲಿಲ್ಲ ಎನ್ನುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮದೇ ಕಟ್ಟಡದ ಕೆಳಗಿನ ಮಹಡಿಗೆ ಹೋದರೆ ಸಾಕು. ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ಗೆ ಬಿ.ಎಸ್ಸಿ. ಮಕ್ಕಳನ್ನು ಬ್ಯಾಚು ಬ್ಯಾಚಾಗಿ ಒಡೆಯುತ್ತಾರೆ, ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಮಾಡುತ್ತಾರೆ. ಪ್ರಯೋಗ ಮಾಡದೆ, ನೋಟ್ಸು ಬರೆಸಿ ರಸಾಯನಶಾಸ್ತ್ರ ಕಲಿಸಿ ಎಂದು ಯಾರೂ ಹೇಳುವುದಿಲ್ಲ. ಕವಿತೆಯ ವಿಷಯದಲ್ಲಿ ಪ್ರಯೋಗವೆಂದರೆ ಓದಿದವರು ಬಾಯಿಬಿಟ್ಟು ಮಾತಾಡುವುದೇ. ಅದಕ್ಕೆ ಮೂರು ಬ್ಯಾಚು ಮಾಡಿಕೊಡಿ ಎಂದರೆ ಯಾರಿಗೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂಬ ಕಾರ್ಯಭಾರದ ಲೆಕ್ಕ ಅಡ್ಡ ಬರುತ್ತದೆ. ಬಾಯಿಮಾತಿಗೆ ಅಂಕ ಕೊಟ್ಟರೆ ಪಕ್ಷಪಾತವಾಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಾಯಿಪ್ರಶ್ನೆ ಕೇಳುವ ವೈವಾದಲ್ಲಿ ಇಲ್ಲದ ಪಕ್ಷಪಾತ ನಮ್ಮಲ್ಲಿ ಮಾತ್ರ ಏಕೆ ಹುಟ್ಟುತ್ತದೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಸೇವೆಗೆ ಸೇರಿದ ಮೊದಲ ಹನ್ನೊಂದು ವರ್ಷ ನಾನೂ ನೋಟ್ಸು ಬರೆಸಿದವನೇ. ಫಲಿತಾಂಶ ಚೆನ್ನಾಗಿ ಬರುತ್ತಿತ್ತು, ಪ್ರಶಂಸೆಯೂ ಸಿಗುತ್ತಿತ್ತು. ಆ ಹನ್ನೊಂದು ವರ್ಷಗಳಲ್ಲಿ ಗುರುವಾರದ ಹುಡುಗಿಯಂಥವರು ಎಷ್ಟು ಜನ ನನ್ನ ಮುಂದೆ ತಲೆ ತಗ್ಗಿಸಿ ಬರೆದುಕೊಂಡು ಎದ್ದುಹೋದರೋ ಎಂದು ನೆನೆದರೆ ಸಂಕಟವಾಗುತ್ತದೆ.

ಸೋಮವಾರದಿಂದ ನನ್ನ ತರಗತಿಯನ್ನು ನಾನೇ ಮೂರು ಗುಂಪು ಮಾಡಿಕೊಳ್ಳುತ್ತಿದ್ದೇನೆ. ವಾರದ ನಾಲ್ಕು ಗಂಟೆಗಳಲ್ಲಿ ಒಂದು ಗಂಟೆ ಸರದಿಯಂತೆ ಒಂದು ಗುಂಪಿಗೆ ಚರ್ಚೆ, ಆ ಹೊತ್ತು ಉಳಿದವರಿಗೆ ಗ್ರಂಥಾಲಯ. ಯಾರು ಯಾವ ಸಾಲಿನ ಬಗ್ಗೆ ಏನು ಕೇಳಿದರು ಎಂದು ಬರೆದಿಡಲು ಒಂದು ಉದ್ದನೆಯ ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದಲ್ಲಿ ಗುರುವಾರದ ಮೂವರ ಹೆಸರು ಆಗಲೇ ಇದೆ. ದಾಖಲೆ ಕೇಳಿದರೆ ಇದನ್ನೇ ಮುಂದಿಡುತ್ತೇನೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ತರಗತಿಯ ಚರ್ಚೆಗೆ ಆಂತರಿಕ ಅಂಕ ಕೊಡುವ ಆದೇಶವೇನಾದರೂ ಇದ್ದರೆ, ದಯವಿಟ್ಟು ಅದರ ಪ್ರತಿಯನ್ನು ನನಗೆ ಕಳಿಸಿ.