ದಿನಾಂಕದಲ್ಲೊಂದು ಪೌಂಡ್

ಮೊನ್ನೆ ಬೆಳಿಗ್ಗೆ ಒಂದು ಕಚೇರಿಯಿಂದ ನನಗೆ ಇ-ಮೈಲ್ ಬಂತು. ತೆರೆದು ನೋಡಿದರೆ ಬ್ರಿಟನ್ನಿನ ಪೌಂಡ್, ಜಪಾನಿನ ಯೆನ್, ಅಮೆರಿಕದ ಸೆಂಟ್. ನಡುನಡುವೆ ತಲೆಯ ಮೇಲೆ ಗೀಟು ಎಳೆಸಿಕೊಂಡ ಇಂಗ್ಲಿಷ್ ‘ಎ’ಗಳ ಮೆರವಣಿಗೆ. ಯಾವುದೋ ಲಾಟರಿ ಹೊಡೆದಿರಬೇಕು ಅಂದುಕೊಂಡೆ. ಇಡೀ ಪತ್ರದಲ್ಲಿ ಓದಲು ಬಂದದ್ದು ಎರಡೇ: 7 ಮತ್ತು 1,450. ಏನು ಕೆಟ್ಟರೂ ಕಟ್ಟಬೇಕಾದ ಅಂಕಿ ಕೆಡುವುದಿಲ್ಲ ನೋಡಿ.

ಹಿಂದಿನ ರಾತ್ರಿ ನನ್ನ ಮೈಲ್ ತಂತ್ರಾಂಶ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಹೋದ ತಿಂಗಳು ಬಂದ, ನಾನೇ ಓದಿ ಮುಗಿಸಿದ್ದ ಪತ್ರಗಳೂ ಬೆಳಗಾಗುವಷ್ಟರಲ್ಲಿ ಪೌಂಡ್ ಆಗಿದ್ದವು.

ಒಳಗುಟ್ಟು ಇಷ್ಟೇ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ನಾಣ್ಯದ ಗುರುತು ಇವಕ್ಕೆಲ್ಲ ಬಣ್ಣ ಬಳಿದು, ಕಿರೀಟ ಕಟ್ಟಿ ರಂಗಕ್ಕೆ ಬಿಟ್ಟಿರುತ್ತಾರೆ. ‘ನ’ಕಾರದ ವೇಷ ಕಟ್ಟಿದವನು ಪೌಂಡ್. ‘ಪ’ಕಾರ ಯೆನ್‌ನದು. ‘ದಿನಾಂಕ’ ಅಂತ ಬರೆದರೆ ಮೊದಲು ಒಂದು ಸೆಂಟ್, ಹಿಂದೆಯೇ ಒಂದು ಪೌಂಡ್. ‘ಕನ್ನಡ’ದ ಹೊಟ್ಟೆಯಲ್ಲೂ ಒಂದು ಪೌಂಡ್ ಕೂತಿದೆ. ಅಪ್‌ಡೇಟ್ ಬಂದು ಬಣ್ಣ ತೊಳೆಯಿತು, ವೇಷಧಾರಿಗಳು ಚಡ್ಡಿಯಲ್ಲಿ ನಿಂತರು.

ನುಡಿಯನ್ನು ಬೈಯಬೇಡಿ. ಬೇರೆ ದಾರಿ ಇಲ್ಲದ ಕಾಲದಲ್ಲಿ ಅದು ನಮ್ಮ ಮಾನ ಕಾಪಾಡಿದೆ. ಆದರೆ ಲೋಕದ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸೈಟು ಸಿಕ್ಕಿದ್ದು 1991ರಲ್ಲಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನುವ ಕನ್ನಡ ಫಾಂಟ್ ಬಿಟ್ಟಿಯಾಗಿ ಮನೆಗೇ ಬಂತು. ನುಡಿಯಲ್ಲೂ ಯೂನಿಕೋಡ್ ಬಂದು ಎಷ್ಟೋ ವರ್ಷವಾಯಿತು. ಒಂದು ಕಡೆ ಒತ್ತಿದರೆ ಮುಗಿಯಿತು. ಒತ್ತಲು ಮೇಲಿನಿಂದ ಆದೇಶ ಬೇಕಲ್ಲ!

ಕಚೇರಿಗೆ ಫೋನ್ ಮಾಡಿದೆ.

‘ನಮ್ಮಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ ಸಾರ್.’

‘ನನಗೆ ಕಾಣ್ತಿಲ್ಲವಲ್ಲ?’

‘ಹಂಗಾದ್ರೆ ನಿಮ್ಮ ಕಡೆ ಪ್ರಾಬ್ಲಮ್ಮು. ತಡೀರಿ, ಪಿಡಿಎಫ್ ಕಳಿಸ್ತೀನಿ.’

ಕಳಿಸಿದರು. ಕಂಪ್ಯೂಟರಿನಲ್ಲಿದ್ದ ಪತ್ರವನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೇ ತುಂಬಿದ್ದರು. ಹಾಳೆ ಸೊಟ್ಟಗಿತ್ತು. ‘1,450 ರೂ.ಗಳನ್ನು’ ಅನ್ನುವವರೆಗೆ ಓದಿದೆ. ಮುಂದಿನ ಪದದ ಮೇಲೆ ಸರಿಯಾಗಿ ನೇರಳೆ ಮೊಹರು ಕೂತಿತ್ತು. ನಾನು ಕೊಡಬೇಕೋ, ಅವರು ಕೊಡುತ್ತಾರೋ? ಆಸೆಗೇನು ಕಮ್ಮಿ, ಅರ್ಧ ದಿನ ಹಾಗೇ ಇದ್ದೆ.

ಸಂಜೆ ಅಕ್ಕನ ಮಗ ಬಂದ. ಒಂದೇ ನಿಮಿಷದಲ್ಲಿ ನುಡಿ ಫಾಂಟನ್ನೇ ಎಲ್ಲ ಮೈಲುಗಳಿಗೂ ಖಾಯಂ ಮಾಡಿದ. ‘ನೋಡು ಮಾಮ!’ ಪತ್ರ ಪಳಪಳ ಕನ್ನಡವಾಯಿತು: ‘7 ದಿನದೊಳಗೆ 1,450 ರೂ.ಗಳನ್ನು ಪಾವತಿಸತಕ್ಕದ್ದು.’ ಪೌಂಡಿನಲ್ಲೇ ಚೆನ್ನಾಗಿತ್ತು.

ಕಟ್ಟೋಣ ಅಂತ ಬ್ಯಾಂಕಿನ ಮೈಲ್ ತೆರೆದರೆ ಅಲ್ಲಿ ಈಗ ಉಲ್ಟಾ. ನುಡಿ ವೇಷದಲ್ಲಿ ಇಂಗ್ಲಿಷಿನ ದೊಡ್ಡ ‘ಡಿ’ ಅಂದರೆ ‘ಆ’. ಹಾಗಾಗಿ ‘ಡಿಯರ್ ಕಸ್ಟಮರ್’ ಅನ್ನುವ ಜಾಗದಲ್ಲಿ ಬ್ಯಾಂಕು ಹಲ್ಲಿನ ಡಾಕ್ಟರ ಮುಂದೆ ಕೂತಂತೆ ‘ಆ’ ಎಂದು ಬಾಯಿ ತೆರೆದಿತ್ತು. ಮುಂದಿನದು ಯಾವ ಭಾಷೆಯೋ ದೇವರೇ ಬಲ್ಲ. ಎಲ್ಲವನ್ನೂ ಮೊದಲಿನಂತೆ ಮಾಡಿಸಿದೆ. ರಾತ್ರಿ ಹತ್ತೂವರೆಗೆ ಸೆಟ್ಟಿಂಗ್ಸ್ ಒಳಗಿನ ಫಾಂಟ್ಸ್, ಅದರೊಳಗಿನ ಅಡ್ವಾನ್ಸ್ಡ್, ಅದರ ಮೂಲೆಯಲ್ಲಿ ಒಂದು ಸಣ್ಣ ಚೌಕ ಸಿಕ್ಕಿತು: ಪತ್ರಗಳು ತಮ್ಮದೇ ಫಾಂಟ್ ಬಳಸಲು ಬಿಡಬೇಕೇ? ಅಪ್‌ಡೇಟ್ ಅದರ ಟಿಕ್ ತೆಗೆದಿತ್ತು. ಹಾಕಿದೆ. ಎಲ್ಲರೂ ಅವರವರ ವೇಷಕ್ಕೆ ಮರಳಿದರು.

ದುಡ್ಡು ಕಟ್ಟಿದೆ. ‘ಪಾವತಿಸಿದ್ದೇನೆ, ದಯವಿಟ್ಟು ರಸೀದಿ ಕಳಿಸಿ. ಮುಂದೆ ಪತ್ರಗಳನ್ನು ಯೂನಿಕೋಡಿನಲ್ಲಿ ಬರೆದರೆ ಉಪಕಾರ’ ಅಂತ ಅಚ್ಚುಕಟ್ಟಾಗಿ ಯೂನಿಕೋಡಿನಲ್ಲೇ ಬರೆದು ಕಳಿಸಿದೆ. ಮಾರನೇ ದಿನ ಅವರೇ ಫೋನ್ ಮಾಡಿದರು.

‘ಸಾರ್, ನಿಮ್ಮ ಮೈಲ್ ಬಂತು. ಮೇಲಿಂದ ಕೆಳಗಿನ ತನಕ ಬರೀ ಪ್ರಶ್ನಾರ್ಥಕ ಚಿಹ್ನೆ. ಒಟ್ಟಿಗೆ ಅಷ್ಟೊಂದು ಪ್ರಶ್ನೆ ಕೇಳಿದ್ರೆ ಹೆಂಗೆ ಸಾರ್?’

‘ನನ್ನಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ’ ಅಂದೆ.

‘ಸುಮ್ನೆ ಬಿಳಿ ಹಾಳೆ ಮೇಲೆ ಕೈಯಲ್ಲಿ ಬರೆದು, ಫೋಟೋ ಹೊಡೆದು ಕಳಿಸಿಬಿಡಿ ಸಾರ್. ಅದಕ್ಕೆ ಯಾವ ಅಪ್‌ಡೇಟೂ ಬರಲ್ಲ.’