ಬೆಕ್ಕಿಗೆ ಗಂಟೆ ಕಟ್ಟೋಕೆ ಎಲ್ಲರೂ ರೆಡಿ

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇಲಿಗಳು ಮೀಟಿಂಗ್ ಮಾಡ್ತಿದ್ದ ಕಾಲ ಹೋಯ್ತು ಕಣ್ರೀ. ಈಗ ಎಷ್ಟೇ ಸಣ್ಣ ಊರಾದ್ರೂ ಗಂಟೆ ಕಟ್ಟಿಕೊಡೋಕೆ ಅಂತಾನೇ ಅಂಗಡಿ ಇದೆ, ಗಂಟೆ ಜೊತೆ ಬೋ ಟೈ, ಬೋ ಟೈ ಹಾಕಿದ್ಮೇಲೆ ಫೋಟೋಶೂಟ್, ಆಮೇಲೆ ಬರ್ತ್‌ಡೇ ಪ್ಯಾಕೇಜ್, ಕೊನೆಗೆ ಸ್ಪಾ. ಎಚ್ಚರ ಇರೋ ಹೊತ್ತಲ್ಲಿ ದೊಡ್ಡ ಪಾಲು ತನ್ನ ಮೈ ತಾನೇ ನೆಕ್ಕಿ ಕ್ಲೀನ್ ಮಾಡ್ಕೊಳ್ಳೋ ಪ್ರಾಣಿಗೆ ಸ್ಪಾ! ಅದೇ ಊರಲ್ಲಿ ಒಂದು ಹೆಣ್ಣು ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿಸ್ಬೇಕು ಅಂತ ಹೊರಡಿ ನೋಡೋಣ. ಪೆಟ್ ಶಾಪ್‌ನವರು ಆಸ್ಪತ್ರೆಗೆ ಕಳಿಸ್ತಾರೆ, ಆಸ್ಪತ್ರೇಲಿ ಇರೋ ಡಾಕ್ಟ್ರು ನಾನು ದನಕರು ನೋಡೋದು, ಸಿಟಿಗೆ ಹೋಗಿ ಅಂತಾರೆ, ನೀವು ಸಿಟಿಗೆ ಹೋಗೋ ಗಾಡಿ ಹುಡುಕೋಷ್ಟರಲ್ಲಿ ಬೆಕ್ಕು ಮರಿ ಹಾಕಿರತ್ತೆ. ಅದರ ಗರ್ಭ ಸುಮಾರು 65 ದಿನ ಅಷ್ಟೇ, ಅಪಾಯಿಂಟ್‌ಮೆಂಟ್‌ಗೆಲ್ಲ ಅದು ಕಾಯಲ್ಲ.

ಇನ್ನು ಮೈಕ್ರೋಚಿಪ್ ಕಥೆ. 15 ಅಂಕಿ ನಂಬರ್ ಇರೋ ಚಿಪ್ಪು, ಚರ್ಮದಡಿ ಹಾಕಿದ್ರೆ ಬೆಕ್ಕು ಎಲ್ಲಿ ಕಳೆದುಹೋದ್ರೂ ಯಾರದು ಅಂತ ಗೊತ್ತಾಗತ್ತೆ ಅಂತ ಹಾಕಿಸ್ತಾರೆ. ನಿಜಾನೇ, ಆದ್ರೆ ಓದೋಕೆ ಸ್ಕ್ಯಾನರ್ ಬೇಕಲ್ಲ, ಅದು ಯಾರ ಹತ್ರಾನೂ ಇಲ್ಲ. ಜಿಪಿಎಸ್ ಅಂದ್ಕೊಂಡು ಮೊಬೈಲಲ್ಲಿ ಬೆಕ್ಕು ಎಲ್ಲಿದೆ ಅಂತ ಹುಡುಕ್ತಾ ಕೂತಿರೋರೂ ಇದ್ದಾರೆ, ಅವರನ್ನ ಬಿಟ್ಬಿಡೋಣ.

ನನಗೆ ನಿಜವಾಗ್ಲೂ ತಲೆ ಕೆಡೋದು ರೆಸ್ಕ್ಯೂ ವೀರರನ್ನ ಕಂಡ್ರೆ. ಎಲ್ಲೋ ಒಬ್ಬ ಪುಣ್ಯಾತ್ಮ ರಾತ್ರಿಯೆಲ್ಲ ಬೋನಿಟ್ಟು ಕಾದು, ಬೀದಿ ಬೆಕ್ಕೊಂದನ್ನ ಹಿಡಿದು, ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ವಾಪಸ್ ಬಿಟ್ಟಿರ್ತಾನೆ. ಆಪರೇಷನ್ ಆಗಿದೆ ಅನ್ನೋ ಗುರುತಿಗೆ, ಅರಿವಳಿಕೆ ಇರೋವಾಗಲೇ ಡಾಕ್ಟ್ರು ಒಂದು ಕಿವಿ ತುದಿ ಚೂರು ಕತ್ತರಿಸಿರ್ತಾರೆ. ಮತ್ತೊಂದ್ಸಲ ಅದನ್ನ ಹಿಡ್ಕೊಂಡು ಬಂದು ಸುಮ್ನೆ ಹೊಟ್ಟೆ ಕೊಯ್ಯಬಾರ್ದು ಅಂತಾನೇ ಈ ಗುರುತು. ಮೂರನೇ ದಿನ ನಮ್ಮ ವೀರರ ಕಣ್ಣಿಗೆ ಆ ಕಿವಿ ಬೀಳತ್ತೆ. ಅಯ್ಯೋ ಯಾವ ರಾಕ್ಷಸ ಕಿವಿ ಕತ್ತರಿಸಿದ್ದು, ಮನುಷ್ಯತ್ವ ಸತ್ತೋಯ್ತಾ ಅಂತ ವಿಡಿಯೋ ಮಾಡಿ, ಹಿಂದೆ ಅಳೋ ಮ್ಯೂಸಿಕ್ ಹಾಕಿ, ನಾಲ್ಕು ಜನ ಸೇರಿ ಟವೆಲ್ ಹಾಕಿ ಹಿಡಿದು, ಪರಚಿಸ್ಕೊಂಡು, ಅದೇ ಡಾಕ್ಟ್ರ ಹತ್ರ ತಗೊಂಡು ಹೋಗ್ತಾರೆ, ಡಾಕ್ಟ್ರೇ ಈ ಕ್ರೂರಿ ಯಾರು ಅಂತ ಪತ್ತೆ ಆಗ್ಬೇಕು ಅಂತಾರೆ. ಡಾಕ್ಟ್ರು ಏನು ಹೇಳ್ಬೇಕು ಪಾಪ, ನಾನೇ ಅಂತಾನಾ?

ಮರಿಗಳ ವಿಷಯಕ್ಕೆ ಬಂದ್ರೆ ನಗು ಬರಲ್ಲ, ಆದ್ರೂ ಹೇಳ್ತೀನಿ. ತಾಯಿ ಬೆಕ್ಕು ಊಟ ಹುಡುಕೋಕೆ ಅಂತ ಆಚೆ ಹೋಗಿರತ್ತೆ, ಅಷ್ಟರಲ್ಲಿ ಅನಾಥ ಮರಿಗಳು ಅಂತ ಎತ್ಕೊಂಡು ಬಂದಾಯ್ತು. ಮೊದಲು ಸೆಲ್ಫಿ, ಆಮೇಲೆ ತಟ್ಟೇಲಿ ಹಸುವಿನ ಹಾಲು, ರಾತ್ರಿಗೆ ಭೇದಿ. ಮೂರು ವಾರದ ತನಕ ಮರಿ ತಾನಾಗಿ ಉಚ್ಚೇನೂ ಹೊಯ್ಯಲ್ಲ, ಅಮ್ಮ ನೆಕ್ಕಿದ್ರೇನೇ ಬರೋದು, ಅಮ್ಮ ಇಲ್ಲಾಂದ್ರೆ ಸಾಕೋರು ಒದ್ದೆ ಬಟ್ಟೇಲಿ ಒರೆಸಿ ಒರೆಸಿ ಮಾಡಿಸ್ಬೇಕು. ಇದನ್ನ ಹೇಳಿ ನೋಡಿ, ಸೆಲ್ಫಿ ತಗೊಂಡ ಅಷ್ಟೂ ಜನಕ್ಕೆ ಅರ್ಜೆಂಟ್ ಕೆಲಸ ಇರತ್ತೆ. ಆ ಕಡೆ ತಾಯಿ ಖಾಲಿ ರಟ್ಟಿನ ಡಬ್ಬದ ಸುತ್ತ ಕೂಗ್ಕೊಂಡು ತಿರುಗ್ತಿದ್ರೆ, ಈ ಕೂಗಾಟ ತಡೆಯಕ್ಕಾಗಲ್ಲ ಅಂತ ಕಂಪ್ಲೇಂಟ್ ಕೊಡೋದೂ ಅದೇ ಬೀದಿಯವರೇ.

ಮರ ಹತ್ತಿದ ಬೆಕ್ಕು ಇನ್ನೊಂದು ಜಾತ್ರೆ. ಉಗುರು ಹಿಂದಕ್ಕೆ ಬಾಗಿರೋದ್ರಿಂದ ತಲೆ ಕೆಳಗೆ ಮಾಡಿ ಇಳಿಯೋಕೆ ಅದಕ್ಕೆ ಬರಲ್ಲ, ಹಿಂದೆ ಹಿಂದೆ ಸರೀತಾ ನಿಧಾನಕ್ಕೆ ಇಳೀಬೇಕು, ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಸುತ್ತ ಗಲಾಟೆ ಇರಬಾರ್ದು. ಕೆಳಗೆ ಐವತ್ತು ಜನ, ಎರಡು ನಾಯಿ, ಏಣಿ, ಬಾ ಬಾ ಪುಸ್ಸಿ ಅಂತ ಕಿರುಚಾಟ, ಬೆಕ್ಕು ಇನ್ನೊಂದು ಕೊಂಬೆ ಮೇಲಕ್ಕೆ ಹೋಗತ್ತೆ. ಮಳೆ ಬಂದು ಜನ ಚದುರಿದ್ಮೇಲೆ ತಾನೇ ಇಳಿದು ಹೋಗತ್ತೆ, ಆದ್ರೆ ರೆಸ್ಕ್ಯೂ ಸಕ್ಸಸ್ ಅಂತ ಸ್ಟೇಟಸ್ ಹಾಕ್ಕೊಂಡಿರೋರು ಮಾತ್ರ ಆರು ಜನ.

ಕೊನೆಗೆ ದತ್ತು ಶಿಬಿರ. ದೊಡ್ಡ ಬ್ಯಾನರ್, ಅದರಲ್ಲಿ ಬೆಕ್ಕಿಗಿಂತ ಅತಿಥಿಗಳ ಮುಖ ದೊಡ್ಡದು, ಭಾಷಣ ಮುಗಿಯೋಷ್ಟರಲ್ಲಿ ಮರಿಗಳೆಲ್ಲ ನಿದ್ದೆ. ಬಂದೋರೆಲ್ಲ ಪರ್ಷಿಯನ್ ಇದ್ಯಾ, ನೀಲಿ ಕಣ್ಣಿಂದು ಇದ್ಯಾ ಅಂತ ಕೇಳ್ತಾರೆ, ಆಪರೇಷನ್ ಮಾಡಿಸ್ತೀನಿ ಅಂತ ಫಾರ್ಮಲ್ಲಿ ಸೈನ್ ಹಾಕಿ ಅಂದ್ರೆ ಅದು ಪ್ರಕೃತಿಗೆ ವಿರುದ್ಧ ಅಲ್ವಾ ಸಾರ್ ಅಂತಾರೆ, ಕಂಕುಳಲ್ಲಿ ಬೋ ಟೈ ಹಾಕಿದ ಬೆಕ್ಕನ್ನ ಇಟ್ಕೊಂಡೇ. ಸಂಜೆ ಬುಟ್ಟಿ ಎತ್ತೋವಾಗ ಎಣಿಸಿದ್ರೆ, ಬೆಳಿಗ್ಗೆ ತಂದಿದ್ದಕ್ಕಿಂತ ಎರಡು ಮರಿ ಜಾಸ್ತಿ.