ಮೊಬೈಲ್ ಟೆಸ್ಟ್ ನಂಬಬೇಡಿ
ಮೊಬೈಲ್‌ನಲ್ಲೇ ಇಶಿಹಾರಾ ಚಿತ್ರ (ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಚಿತ್ರ) ನೋಡಿ ಬಣ್ಣಗುರುಡು ಪತ್ತೆ ಮಾಡಬಹುದು ಅಂತ ಒಂದು ಲೇಖನದಲ್ಲಿದೆ. ಆದರೆ ನೈಟ್ ಮೋಡ್ ಆನ್ ಇದ್ದರೆ ಪರದೆ ಹಳದಿಗೆ ತಿರುಗಿ ಫಲಿತಾಂಶವೇ ಏರುಪೇರು. ಈ ಚಿತ್ರಗಳ ಅಚ್ಚಾದ ಪುಸ್ತಕವನ್ನು ಹಗಲು ಬೆಳಕಲ್ಲಿ, ನೇರ ಬಿಸಿಲು ತಾಗದಂತೆ, 75 ಸೆಂ.ಮೀ. ದೂರದಲ್ಲಿಟ್ಟು, ಪುಟಕ್ಕೆ 3 ಸೆಕೆಂಡಿನೊಳಗೆ ಅಂಕಿ ಹೇಳಿಸಬೇಕು. ಬೆರಳಾಡಿಸಿ ಹುಡುಕೋಕೆ ಬಿಡಬಾರದು. ಬಣ್ಣ ಮಾಸಿದ ಪುಸ್ತಕ ಕೆಲಸಕ್ಕೆ ಬರಲ್ಲ.

ನಮ್ಮ ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಲ್ಲಿ ಕೆಂಪು-ಹಸಿರು ಬೇರೆ ಮಾಡಿ ಗುರುತಿಸಲಾಗದ ತೊಂದರೆ ಬೇಗ ಬಯಲಾಗುತ್ತೆ: ಎಲೆ ನಡುವಿನ ಹಣ್ಣು ಗಿಡದಲ್ಲೇ ಉಳಿಯುತ್ತೆ, ಕಾಯಿ ಬುಟ್ಟಿಗೆ ಬೀಳುತ್ತೆ. ಬೈದು ಏನು ಪ್ರಯೋಜನ? ಹಿಸುಕಿ ನೋಡೋಕೆ ಹೇಳಿ. ಹಣ್ಣಾಗಿದ್ದರೆ ಬೀಜ ಸಲೀಸಾಗಿ ಜಾರಿ ಬರುತ್ತೆ, ಕಾಯಿ ಗಟ್ಟಿ.

ಇನ್ನೊಂದು, ಟಿಬಿಗೆ ಎಥಾಂಬ್ಯೂಟಾಲ್ ಮಾತ್ರೆ ತಗೊಳ್ಳುವವರಿಗೆ ಹೊಸದಾಗಿ ಬಣ್ಣ ಮಂಕಾಗಿ ಕಂಡರೆ ಅದು ಹುಟ್ಟಿನಿಂದ ಬಂದದ್ದಲ್ಲ, ಕಣ್ಣಿನ ನರದ ತೊಂದರೆ ಇರಬಹುದು. ಅವತ್ತೇ ಡಾಕ್ಟರಿಗೆ ತಿಳಿಸಿ.